ನಾಲ್ಕು ಪ್ರಾಜೆಕ್ಟ್, ಒಂದೇ ಪ್ಯಾಕೇಜ್: ನೀವು ಹೇಗೆ ಸಂಭಾಳಿಸುತ್ತೀರಿ?

ಉಣಕಲ್_ಕೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಐದು ಜನ ಹುಬ್ಬಳ್ಳಿ ವಿದ್ಯಾನಗರದಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಕೂತು ಸುತ್ತಲಿನ ಊರುಗಳ ಗಿರಾಕಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಈಗ ನಾಲ್ಕು ಪ್ರಾಜೆಕ್ಟ್ ನಡೆಯುತ್ತಿವೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಮೆಣಸಿನಕಾಯಿ ತೂಕ ಹಿಡಿದು ಪಟ್ಟಿ ತೆಗೆಯುವ ಆ್ಯಪ್, ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಟೂಲ್, ಧಾರವಾಡದ ಒಂದು ಶಾಲೆಯ ಫೀ ರಸೀದಿ, ಮತ್ತೆ ಒಂದು ಪತ್ತಿನ ಸಹಕಾರಿ ಸಂಘದ ಲೆಕ್ಕ. ನಾಲ್ಕೂ ನೋಡ್‌ನಲ್ಲಿ, ಅಂದರೆ ಸರ್ವರ್ ಮೇಲೆ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದವು.

ಎಲ್ಲದಕ್ಕೂ ಬೇಕಾಗುವ ಕೆಲಸಗಳನ್ನು ಒಂದು ಪ್ಯಾಕೇಜಿನಲ್ಲಿ, ಅಂದರೆ ಹಲವು ಪ್ರಾಜೆಕ್ಟ್ ಹಂಚಿಕೊಳ್ಳುವ ಕೋಡಿನ ಕಟ್ಟಿನಲ್ಲಿ, ಇಟ್ಟಿದ್ದೇವೆ. ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವುದು, ಕನ್ನಡ ಅಂಕಿ, ದಿನಾಂಕ, ತೂಕ, ನುಡಿಯಿಂದ ಯೂನಿಕೋಡ್, ಇಂಥವು. ಅದನ್ನು ಮೊದಲು ಬರೆದ ನಮ್ಮ ಗೆಳತಿ ಕೆಲಸ ಸಿಕ್ಕು ಬೆಂಗಳೂರಿಗೆ ಹೋದಳು. ಆಮೇಲೆ ಯಾರಿಗೆ ಏನು ಬೇಕೋ ಅವರು ಬಂದು ಅದರಲ್ಲಿ ಸೇರಿಸುತ್ತಾ ಹೋದೆವು. ಎರಡು ಪ್ರಾಜೆಕ್ಟ್‌ಗಳು ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್) ಲಿಂಕ್ ಕೊಟ್ಟು ಮೇನ್ ಬ್ರಾಂಚ್‌ನಿಂದ, ಅಂದರೆ ಕೋಡಿನ ಮುಖ್ಯ ಪ್ರತಿಯಿಂದ, ಎಳೆದುಕೊಳ್ಳುತ್ತವೆ. ಉಳಿದ ಎರಡರಲ್ಲಿ ಫೋಲ್ಡರನ್ನೇ ಕಾಪಿ ಮಾಡಿ ಇಟ್ಟಿದ್ದೇವೆ.

ಆಗಿದ್ದು ಇಷ್ಟು. ಸಹಕಾರಿ ಸಂಘದವರು ಬಡ್ಡಿಯ ಪೈಸೆ ಬೇಡ, ರೂಪಾಯಿಗೆ ಸರಿ ಮಾಡಿ ಎಂದರು. ನಮ್ಮ ಹುಡುಗ ಪ್ಯಾಕೇಜಿನ ಒಳಗಿದ್ದ ರೌಂಡ್ ಮಾಡುವ ಫಂಕ್ಷನ್ ತಿದ್ದಿ ಮೇನ್‌ಗೆ ಹಾಕಿದ. ಅದೇ ಫಂಕ್ಷನ್ನನ್ನು ತೂಕದ ಲೆಕ್ಕವೂ ಒಳಗೊಳಗೆ ಕರೆಯುತ್ತಿತ್ತು, ಅದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಮೂರು ದಿನ ಬಿಟ್ಟು ಬೇರೆ ಯಾವುದೋ ಸಣ್ಣ ಕೆಲಸಕ್ಕೆ ಬ್ಯಾಡಗಿ ಸರ್ವರ್‌ನಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು. ಮರುದಿನ ಗುರುವಾರ, ಅಂದರೆ ಮಾರ್ಕೆಟ್ ದಿನ. ನಾನು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ, ನವನಗರ ದಾಟುವಾಗ ಫೋನ್ ಬಂತು. ಒಬ್ಬ ರೈತರ ಕಾಟಾ ಚೀಟಿಯಲ್ಲಿ 418.4 ಕೆಜಿ ಇದೆ, ನಮ್ಮ ಪಟ್ಟಿಯಲ್ಲಿ 418 ಬಂದಿದೆ. ಕ್ವಿಂಟಲಿಗೆ 20,000 ರೂಪಾಯಿ ದರ. 400 ಗ್ರಾಂ ಅಂದರೆ 80 ರೂಪಾಯಿ. ಆ ರೈತರು ಚೀಟಿ ಮತ್ತು ಪಟ್ಟಿ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿದ್ದಕ್ಕೆ ಗೊತ್ತಾಯಿತು. ನೋಡದೆ ಹೋದವರು ಎಷ್ಟು ಜನ ಅಂತ ಆ ರಾತ್ರಿ ಕೂತು ಎಲ್ಲ ಪಟ್ಟಿ ತೆಗೆದು ಲೆಕ್ಕ ಹಾಕಿದೆವು. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ ಹೋಗಿತ್ತು. ಕಡಿಮೆ ಬಂದವರಿಗೆಲ್ಲ ದುಡ್ಡು ಮುಟ್ಟಿಸಿದ್ದಾಯಿತು. ಆದರೆ ಇನ್ನೊಮ್ಮೆ ಹೀಗೆ ಆಗಬಾರದು.

ನನ್ನ ಪ್ರಶ್ನೆ: ನಮ್ಮಂಥ ಸಣ್ಣ ತಂಡಕ್ಕೆ ಯಾವುದು ಸರಿ? ಎಲ್ಲ ಪ್ರಾಜೆಕ್ಟ್ ಒಂದೇ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಕೋಡಿನ ಸಂಗ್ರಹ) ಇಡುವುದಾ, ನಮ್ಮದೇ ರಿಜಿಸ್ಟ್ರಿ (ಪ್ಯಾಕೇಜ್‌ಗಳನ್ನು ಇಟ್ಟು ಹಂಚುವ ಸರ್ವರ್) ಹಾಕಿಕೊಳ್ಳುವುದಾ, ಅಥವಾ ಸುಮ್ನೆ ಎಲ್ಲ ಕಡೆ ಕಾಪಿ ಮಾಡಿ ಅವರವರದು ಅವರವರಿಗೆ ಬಿಡುವುದಾ?

ಸಾಧನಕೇರಿ_ಸರ್ವರ್

ಮೊದಲು ಒಂದು ಮಾತು. ರೈತರಿಗೆ ದುಡ್ಡು ಮುಟ್ಟಿಸಿದ್ದೀರಲ್ಲ, ಅದು ದೊಡ್ಡ ಕೆಲಸ.

ಈಗ ವಿಷಯ. ರೆಪೊ ಒಂದಿರಲಿ ನಾಲ್ಕಿರಲಿ, ನಿಮ್ಮ ತೊಂದರೆ ಅಲ್ಲಿಲ್ಲ. ನಿಮ್ಮ ಹುಡುಗ ಕೋಡ್ ಬದಲಾಯಿಸಿದ್ದು ಸಂಘಕ್ಕಾಗಿ. ಅದು ಯಾರೂ ಕೇಳದೆ ಬ್ಯಾಡಗಿಗೆ ಹೋಗಿ ಇಳಿಯಿತು. ಹೋಗುವಾಗ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಅದನ್ನು ತಡೆಯಬೇಕು.

ನಿಮ್ಮ ಗಿಟ್‌ಇಗ್ನೋರ್ ಫೈಲ್ (ರೆಪೊಗೆ ಸೇರಿಸಬಾರದ ಫೈಲುಗಳ ಪಟ್ಟಿ) ತೆಗೆದು ನೋಡಿ, ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ವರ್ಷನ್ ಹಾಕಬೇಕು ಅಂತ ಬರೆದಿಡುವ ಫೈಲ್) ಅದರಲ್ಲಿ ಇದೆಯಾ? ಇರಬಹುದು ಅನ್ನಿಸುತ್ತಿದೆ, ಯಾಕೆಂದರೆ ಪ್ಯಾಕೇಜ್-ಲಾಕ್ ಫೈಲ್ ರೆಪೊದಲ್ಲಿ ಇದ್ದಿದ್ದರೆ ಗಿಟ್ ಲಿಂಕ್ ಕೊಟ್ಟಿದ್ದರೂ ಅದು ಯಾವ ಕಮಿಟ್ (ಗಿಟ್ ಉಳಿಸಿಟ್ಟ ಒಂದು ಬದಲಾವಣೆ) ಅಂತ ಹ್ಯಾಶ್ (ಅದರ ಗುರುತಿನ ಸಂಕೇತ) ಸಮೇತ ಬರೆದಿಟ್ಟುಕೊಂಡಿರುತ್ತಿತ್ತು. ಮೇನ್ ಬ್ರಾಂಚ್ ಎಷ್ಟು ಮುಂದೆ ಹೋದರೂ ನಿಮ್ಮ ಸರ್ವರ್ ಹಳೆಯ ಕಮಿಟ್‌ನಲ್ಲೇ ನಿಲ್ಲುತ್ತಿತ್ತು. 2017ರಲ್ಲಿ ಎನ್‌ಪಿಎಂನ (ನೋಡ್‌ಗೆ ಪ್ಯಾಕೇಜ್ ತಂದು ಹಾಕುವ ಟೂಲ್) 5ನೇ ವರ್ಷನ್ ಜೊತೆ ಈ ಲಾಕ್ ಫೈಲ್ ಬಂತು. ಇವತ್ತಿಗೂ ಎಷ್ಟೋ ಜನ ಮರ್ಜ್ ಮಾಡುವಾಗ (ಇಬ್ಬರ ಬದಲಾವಣೆ ಸೇರಿಸುವಾಗ) ಜಗಳ ಬರುತ್ತದೆ ಅಂತ ಅದನ್ನು ರೆಪೊದಿಂದ ಹೊರಗಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ್ಯಪ್ ಆಗಿದ್ದರೆ ಲಾಕ್ ಫೈಲ್ ರೆಪೊದಲ್ಲಿ ಇರಲೇಬೇಕು.

ಇನ್ನೊಂದು, ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಕೊಡಬೇಡಿ, ಎನ್‌ಪಿಎಂ ಸಿಐ ಕೊಡಿ. ಅದು ಹಳೆಯ ಮಾಡ್ಯೂಲ್ ಫೋಲ್ಡರ್ ಅಳಿಸಿ ಲಾಕ್ ಫೈಲ್‌ನಲ್ಲಿ ಇದ್ದದ್ದನ್ನೇ ಹಾಕುತ್ತದೆ. ಪ್ಯಾಕೇಜ್ ಫೈಲ್‌ಗೂ ಲಾಕ್ ಫೈಲ್‌ಗೂ ಹೊಂದದಿದ್ದರೆ ಅಲ್ಲೇ ನಿಂತು ಎರರ್ ಕೊಡುತ್ತದೆ. ಬುಧವಾರ ರಾತ್ರಿ ಎರರ್ ಬಂದರೆ ನಿಮಗೆ ನಿದ್ದೆ ಹೋಗಬಹುದು, ಗುರುವಾರ ಮಾರ್ಕೆಟ್‌ನಲ್ಲಿ ರೈತರಿಗೆ ನಷ್ಟ ಆಗುವುದಿಲ್ಲ.

ಪೈಥಾನ್‌ನವರು ಓದುತ್ತಿದ್ದರೆ, ಬರೀ ಲೈಬ್ರರಿ ಹೆಸರು ಬರೆದ ರಿಕ್ವೈರ್‌ಮೆಂಟ್ಸ್ ಫೈಲ್ ಲಾಕ್ ಅಲ್ಲ. ಒಂದೊಂದಕ್ಕೂ ನಿಖರ ವರ್ಷನ್ ಬೇಕು, ಅದರ ಹ್ಯಾಶ್ ಕೂಡ ಇದ್ದರೆ ಇನ್ನೂ ಒಳ್ಳೆಯದು.

ಲಾಕ್ ಆದ ಮೇಲೆ ಪ್ಯಾಕೇಜಿಗೆ ವರ್ಷನ್ ಕೊಡಿ. ಮೇನ್ ಬ್ರಾಂಚ್ ಅನ್ನುವುದು ವರ್ಷನ್ ಅಲ್ಲ. ಪ್ರತಿ ಸಲ ಟ್ಯಾಗ್, ಅಂದರೆ ಆ ಕಮಿಟ್‌ಗೆ ವರ್ಷನ್ ಹೆಸರು, ಹಾಕಿ, ಪ್ರಾಜೆಕ್ಟ್‌ಗಳು ಆ ಟ್ಯಾಗನ್ನೇ ಕೇಳಲಿ. ಒಮ್ಮೆ ಹಾಕಿದ ಟ್ಯಾಗ್ ಕಿತ್ತು ಬೇರೆ ಕಮಿಟ್ ಮೇಲೆ ಮತ್ತೆ ಹಾಕಬೇಡಿ. ಎನ್‌ಪಿಎಂ ರಿಜಿಸ್ಟ್ರಿಯಲ್ಲೂ ಒಂದು ಹೆಸರಿಗೆ ಒಂದು ವರ್ಷನ್ ನಂಬರ್ ಒಮ್ಮೆ ಬಳಸಿದರೆ ಮುಗಿಯಿತು, ಅಳಿಸಿದರೂ ಅದೇ ನಂಬರ್ ಮತ್ತೆ ಸಿಗುವುದಿಲ್ಲ. ಆ ನಂಬರ್ ನೋಡಿ ನಿಮ್ಮ ಮೇಲೆ ನಂಬಿಕೆ ಇಟ್ಟು ಯಾರೋ ಬಳಸಿರುತ್ತಾರೆ, ಅದರೊಳಗಿನ ಮಾಲು ಬದಲಾಗಬಾರದು, ಅಷ್ಟೇ.

ಹಾವೇರಿ_ಹುಡುಗ

ಸರ್, ನಾನು ಇನ್ನೂ ಡಿಪ್ಲೊಮಾ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಇಲ್ಲಿ ಫಂಕ್ಷನ್ ಹೆಸರು ಬದಲಾಗಿಲ್ಲ. ಕೊಡುವ ಇನ್‌ಪುಟ್ ಕೂಡ ಅದೇ. ಹಾಗಾದರೆ ವರ್ಷನ್ ಕೊಡುವಾಗ ಇದು ಕೊನೆಯ ಅಂಕಿ ಮಾತ್ರ ಏರಿಸುವ ಸಣ್ಣ ಬದಲಾವಣೆ ತಾನೇ? 1.4.2 ಇದ್ದದ್ದು 1.4.3 ಅಲ್ವಾ?

ಸಾಧನಕೇರಿ_ಸರ್ವರ್

ಅಲ್ಲ ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದೆ. ಇದು 2.0.0. ಹೆಸರು ಅದೇ ಇರಬಹುದು, ಉತ್ತರ ಬೇರೆ ಬಂತಲ್ಲ. 418.4 ಕೊಟ್ಟರೆ 418.4 ಬರುತ್ತದೆ ಅಂತ ನಂಬಿ ಒಬ್ಬರು ಕೋಡ್ ಬರೆದಿದ್ದಾರೆ. ಅವರ ಕೋಡ್ ಮುರಿಯುತ್ತದೆ ಅಂದ ಮೇಲೆ ಮೊದಲ ಅಂಕಿ ಏರಬೇಕು. ಹಳೆಯದು ಏನೂ ಬದಲಾಗದೆ ಹೊಸದೊಂದು ಸೇರಿದರೆ ನಡುವಿನ ಅಂಕಿ. ಹೇಳಿದಂತೆ ನಡೆಯದೆ ಇದ್ದದ್ದನ್ನು ಹೇಳಿದಂತೆ ನಡೆಯುವ ಹಾಗೆ ಮಾಡಿದರೆ ಕೊನೆಯ ಅಂಕಿ.

ಇದು ಯಾಕೆ ಮುಖ್ಯ ಅಂದರೆ, ಎನ್‌ಪಿಎಂ ತಾನಾಗಿ ಬರೆಯುವ ^1.4.2 ಅನ್ನುವ ಗುರುತಿಗೆ 2.0.0ಕ್ಕಿಂತ ಕೆಳಗಿನ ಯಾವುದಾದರೂ ಹೊಸದು ಬಂದರೆ ತೆಗೆದುಕೊ ಅಂತ ಅರ್ಥ. ~1.4.2 ಬರೆದರೆ 1.5.0ರ ಕೆಳಗೆ ಮಾತ್ರ. ಇನ್ನೂ ಸೊನ್ನೆಯಲ್ಲಿರುವ ಪ್ಯಾಕೇಜಿಗೆ ^0.4.2 ಅಂದರೆ 0.5.0 ದಾಟುವುದಿಲ್ಲ, ಸೊನ್ನೆ ಇದ್ದಾಗ ಎಲ್ಲ ಇನ್ನೂ ಹಸಿ ಅಂತ ಲೆಕ್ಕ. ಅಂದರೆ ನೀನು ನಂಬರ್ ತಪ್ಪು ಹಾಕಿದರೆ ಟೂಲ್ ನಿನ್ನ ಮಾತು ನಂಬಿ ಆ ತಪ್ಪನ್ನು ಎಲ್ಲರ ಮನೆಗೆ ಮುಟ್ಟಿಸುತ್ತದೆ.

ಬೆಟಗೇರಿ_ಬಿಲ್ಡ್

ಒಂದೇ ರೆಪೊ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾವು ಎನ್‌ಪಿಎಂ ವರ್ಕ್‌ಸ್ಪೇಸ್ ಬಳಸುತ್ತೇವೆ, 2020ರಲ್ಲಿ ಎನ್‌ಪಿಎಂ 7ರಿಂದ ಇದೆ. ಹಂಚಿಕೊಳ್ಳುವ ಪ್ಯಾಕೇಜ್ ಮತ್ತು ಅದನ್ನು ಬಳಸುವ ಎಲ್ಲ ಆ್ಯಪ್ ಒಂದೇ ಕಡೆ ಇರುತ್ತವೆ. ರೌಂಡ್ ಫಂಕ್ಷನ್ ಮುಟ್ಟಿದ ಕೂಡಲೇ ನಾಲ್ಕೂ ಆ್ಯಪ್‌ಗಳ ಟೆಸ್ಟ್ ಓಡುತ್ತದೆ. ತೂಕದ ಟೆಸ್ಟ್ ಒಂದೇ ಒಂದು ಇದ್ದಿದ್ದರೂ ನಿಮ್ಮ ಹುಡುಗನಿಗೆ ಅಲ್ಲೇ ಕೆಂಪು ಕಾಣುತ್ತಿತ್ತು. ಇದು ದೊಡ್ಡ ಅನುಕೂಲ.

ಆದರೆ ಉಣಕಲ್ ಅಣ್ಣಾ, ನಿಮಗೆ ನಾನು ಇದನ್ನು ಹೇಳುವುದಿಲ್ಲ. ಯಾಕೆ ಅಂದರೆ ನಿಮ್ಮ ನಾಲ್ಕು ಗಿರಾಕಿಗಳು ಬೇರೆ ಬೇರೆ. ನಾಳೆ ಪ್ರೆಸ್ಸಿನವರು ನಮ್ಮ ಕೋಡ್ ನಮಗೆ ಕೊಡಿ ಅಂದರೆ ಸಂಘದ ಲೆಕ್ಕದ ಕೋಡ್ ಸಮೇತ ಕೊಡುತ್ತೀರಾ? ಬ್ಯಾಡಗಿಯವರಿಗೆ ಸೀಸನ್‌ನಲ್ಲಿ ಏನೂ ಮುಟ್ಟಬಾರದು, ಶಾಲೆಯವರಿಗೆ ಜೂನ್‌ನಲ್ಲಿ ಎಲ್ಲ ಹೊಸದು ಬೇಕು. ಒಂದೇ ರೆಪೊ ಅಂದರೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕು. ಒಂದೇ ಕಂಪನಿಯ ಒಳಗೆ ಅದು ಚೆಂದ, ನಿಮ್ಮ ತರಹದ ಕೆಲಸಕ್ಕೆ ತ್ರಾಸು.

ಕಾಪಿ ಮಾಡುವುದಂತೂ ಬೇಡವೇ ಬೇಡ. ನುಡಿ ಪರಿವರ್ತನೆ ನೆನಪು ಮಾಡಿಕೊಳ್ಳಿ. ನುಡಿಯ ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತು ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅದನ್ನು ಹಿಂದೆ ಸರಿಸದಿದ್ದರೆ ಕರ್ನಾಟಕ ಹೋಗಿ ಕನಾರ್ಟಕ ಆಗುತ್ತದೆ, ಧರ್ಮ ಹೋಗಿ ಧಮರ್ ಆಗುತ್ತದೆ. ಇಂಥದ್ದನ್ನು ಒಂದು ಕಡೆ ಸರಿ ಮಾಡಿದರೆ ಎಲ್ಲ ಕಡೆ ಸರಿ ಆಗಬೇಕು. ನಿಮ್ಮಲ್ಲಿ ಕಾಪಿ ಆಗಿ ಕೂತಿರುವ ಎರಡು ಫೋಲ್ಡರ್‌ಗಳಲ್ಲಿ ಯಾವ ಕಾಲದ ಕೋಡ್ ಇದೆ ಅಂತ ಒಮ್ಮೆ ಹೋಲಿಸಿ ನೋಡಿ. ನಾವು ಹೀಗೆ ಹೋಲಿಸಿದಾಗ ಒಂದು ವರ್ಷದ ಹಿಂದೆ ಸರಿ ಮಾಡಿದ್ದ ತಪ್ಪು ಇನ್ನೊಂದು ಕಡೆ ಹಾಗೇ ಅಚ್ಚಾಗುತ್ತಿತ್ತು. ಅಚ್ಚಾದ ಪುಸ್ತಕ ವಾಪಸ್ ತರಲು ಆಗುವುದಿಲ್ಲ, ಅದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ನಿಮಗೆ ಸರಿ ಹೋಗುವುದು ಚಿಕ್ಕದೊಂದು ಖಾಸಗಿ ರಿಜಿಸ್ಟ್ರಿ. ವರ್ಡಾಚಿಯೊ ಅಂತ ಓಪನ್ ಸೋರ್ಸ್ ಒಂದಿದೆ, ಸಣ್ಣ ಸರ್ವರ್‌ನಲ್ಲೂ ಓಡುತ್ತದೆ. ಹೊರಗಿನ ಪ್ಯಾಕೇಜ್‌ಗಳನ್ನೂ ತನ್ನಲ್ಲಿ ಇಟ್ಟುಕೊಂಡು ಕೊಡುತ್ತದೆ, ರೂಮಿನ ನೆಟ್ ನಿಧಾನ ಇದ್ದರೆ ಅದೂ ಒಂದು ಲಾಭ. ಅದು ಸಹ ಜಾಸ್ತಿ ಅನ್ನಿಸಿದರೆ ಗಿಟ್ ಟ್ಯಾಗ್ ಸಾಕು.

ಇನ್ನು ಯಾರೂ ಹೇಳದ ಒಂದು ಮಾತು. ಆ ಪ್ಯಾಕೇಜ್ ಈಗ ಯಾರದು? ಬರೆದವರು ಬೆಂಗಳೂರಿಗೆ ಹೋದರು, ಆಮೇಲೆ ಎಲ್ಲರದೂ ಆಯಿತು ಅಂತ ನೀವೇ ಬರೆದಿದ್ದೀರಿ. ಎಲ್ಲರದೂ ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಐದು ಜನರಲ್ಲಿ ಒಬ್ಬರನ್ನು ಹೆಸರು ಹೇಳಿ ನೇಮಿಸಿ. ಅವರೇ ಎಲ್ಲ ಬರೆಯಬೇಕು ಅಂತಲ್ಲ. ಯಾರು ಏನು ತಿದ್ದಿದರೂ ಅವರು ಓದಿ ಹೂಂ ಅಂದ ಮೇಲೇ ಟ್ಯಾಗ್ ಬೀಳಬೇಕು.

ಕೇಶ್ವಾಪುರ_ಕ್ಲೌಡ್

ಎಲ್ಲರೂ ನಿಮ್ಮದೇ ಪ್ಯಾಕೇಜಿನ ಮಾತಾಡಿದ್ದಾರೆ, ನಾನು ಹೊರಗಿನಿಂದ ಬರುವುದರ ಬಗ್ಗೆ ಹೇಳುತ್ತೇನೆ. ಎರಡೂ ಒಂದೇ ವಿಷಯ.

2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ ಪ್ಯಾಕೇಜನ್ನು ಬರೆದವರು ಎನ್‌ಪಿಎಂನಿಂದ ತೆಗೆದುಬಿಟ್ಟರು. ಇನ್ನೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಆದ ಜಗಳದಲ್ಲಿ ಬೇಸರಗೊಂಡು ತಮ್ಮದೆಲ್ಲವನ್ನೂ ತೆಗೆದರು. ಬರೀ 11 ಸಾಲಿನ ಕೋಡ್, ಪದದ ಎಡಗಡೆ ಖಾಲಿ ಜಾಗ ತುಂಬುವ ಕೆಲಸ. ಅದನ್ನು ನೇರವಾಗಿ ಯಾರೂ ಅಷ್ಟು ಬಳಸುತ್ತಿರಲಿಲ್ಲ, ಆದರೆ ಬೇಬೆಲ್‌ನಂಥ ದೊಡ್ಡ ಟೂಲ್‌ಗಳ ಒಳಗೆ ಅದು ಇತ್ತು, ಹಾಗಾಗಿ ಜಗತ್ತಿನ ಎಲ್ಲ ಕಡೆ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧ ಮಾಡುವ ಕೆಲಸ) ನಿಂತಿತು. ಕೊನೆಗೆ ಎನ್‌ಪಿಎಂನವರೇ ಅದನ್ನು ವಾಪಸ್ ಹಾಕಿದರು. ಆಮೇಲೆ ನಿಯಮ ಬಿಗಿ ಆಯಿತು. ಈಗ ಹಾಕಿ 72 ಗಂಟೆ ಒಳಗೆ, ಅದೂ ಬೇರೆ ಯಾರ ಪ್ಯಾಕೇಜೂ ಅದರ ಮೇಲೆ ನಿಂತಿಲ್ಲದಿದ್ದರೆ ಮಾತ್ರ ಸುಲಭವಾಗಿ ತೆಗೆಯಬಹುದು. ಆ 11 ಸಾಲಿನ ಕೆಲಸ ಈಗ ಭಾಷೆಯಲ್ಲೇ ಇದೆ, ಪ್ಯಾಡ್‌ಸ್ಟಾರ್ಟ್ ಅಂತ, 2017ರ ಜಾವಾಸ್ಕ್ರಿಪ್ಟ್‌ನಲ್ಲಿ ಬಂತು.

ಅದಕ್ಕೇ ಕೇಳುತ್ತೇನೆ, ಉಣಕಲ್ ಅವರೇ, ನಿಮ್ಮ ಪ್ಯಾಕೇಜಿನಲ್ಲಿ ಕನ್ನಡ ಅಂಕಿ ಬರೆಯುವ ಕೋಡ್ ಯಾಕೆ ಇದೆ? ಜಾವಾಸ್ಕ್ರಿಪ್ಟ್‌ನ ಒಳಗೇ ಇರುವ ಇಂಟಲ್ (Intl) ಎಂಬ ಸೌಲಭ್ಯ ಅದನ್ನು ಮಾಡುತ್ತದೆ. ಕನ್ನಡ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಕೊಟ್ಟು, ಅಂಕಿಯ ಪದ್ಧತಿಯೂ ಕನ್ನಡ ಅಂತ ಹೇಳಿದರೆ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲೇ ಕೊಡುತ್ತದೆ. ದಿನಾಂಕವೂ ಅಷ್ಟೇ. ಅಷ್ಟನ್ನು ಕಿತ್ತು ಹಾಕಿ. ಇಲ್ಲದ ಕೋಡ್ ಕೆಡುವುದಿಲ್ಲ.

ತೂಕ ಮತ್ತು ದುಡ್ಡನ್ನು ಒಂದೇ ಫಂಕ್ಷನ್‌ನಲ್ಲಿ ರೌಂಡ್ ಮಾಡಬೇಡಿ, ಎರಡೂ ಬೇರೆ ವಸ್ತು. ತೂಕವನ್ನು ಗ್ರಾಂನಲ್ಲಿ, ದುಡ್ಡನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. ಕೊನೆಗೆ ಕಾಗದದ ಮೇಲೆ ತೋರಿಸುವಾಗ ಮಾತ್ರ ಕೆಜಿ, ರೂಪಾಯಿ ಮಾಡಿ.

ಹೊರಗಿನ ಪ್ಯಾಕೇಜ್ ನಂಬುವ ಬಗ್ಗೆ ಇನ್ನೂ ಎರಡು ಘಟನೆ ನೆನಪಿಸುತ್ತೇನೆ. 2018ರಲ್ಲಿ ಇವೆಂಟ್-ಸ್ಟ್ರೀಮ್ ಪ್ಯಾಕೇಜಿನವರು ತಾವು ನೋಡಿಕೊಳ್ಳಲಾಗದೆ, ನಾನು ಸಹಾಯ ಮಾಡುತ್ತೇನೆ ಎಂದು ಬಂದ ಅಪರಿಚಿತರಿಗೆ ಅದನ್ನು ಕೊಟ್ಟರು. ಆ ವ್ಯಕ್ತಿ ಇನ್ನೊಂದು ಹೊಸ ಡಿಪೆಂಡೆನ್ಸಿ (ಅದು ಬಳಸುವ ಬೇರೆ ಪ್ಯಾಕೇಜ್) ಸೇರಿಸಿ, ಅದರೊಳಗೆ ಒಂದು ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯುವ ಕೋಡ್ ಇಟ್ಟರು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಲೈಬ್ರರಿಯಲ್ಲಿ ಇದೇ ದಾರಿ. ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದವರೇ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅಂತ ಬೆನ್ನು ಹತ್ತಿ ಹೋಗಿದ್ದಕ್ಕೆ ಸಿಕ್ಕಿಬಿತ್ತು. ಚೀಟಿ ಮತ್ತು ಪಟ್ಟಿ ಪಕ್ಕ ಪಕ್ಕ ಹಿಡಿದು ನೋಡಿದ ನಿಮ್ಮ ರೈತರ ಕಥೆ ಓದಿದಾಗ ನನಗೆ ಅದೇ ನೆನಪಾಯಿತು.

ಎರಡೂ ಕಡೆ ಮೂಲದಲ್ಲಿ ಇದ್ದದ್ದು ದಣಿದ ಒಬ್ಬ ಮನುಷ್ಯ. ಬೆಟಗೇರಿಯವರು ಕೇಳಿದ ಪ್ರಶ್ನೆ ಅದಕ್ಕೇ ಇಷ್ಟ ಆಯಿತು. ನೇಮಿಸಿದವರಿಗೆ ವಾರದಲ್ಲಿ ಅರ್ಧ ದಿನವಾದರೂ ಆ ಕೆಲಸಕ್ಕೇ ಬಿಡಿ, ಇಲ್ಲದಿದ್ದರೆ ಅವರೂ ದಣಿಯುತ್ತಾರೆ.

ಉಣಕಲ್_ಕೋಡ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಸಾಧನಕೇರಿ ಸರ್ ಹೇಳಿದ್ದು ನಿಜ, ಲಾಕ್ ಫೈಲ್ ಗಿಟ್‌ಇಗ್ನೋರ್‌ನಲ್ಲಿತ್ತು. ಕಾಪಿ ಆಗಿದ್ದ ಫೋಲ್ಡರ್‌ಗಳನ್ನು ಹೋಲಿಸಿದೆವು, ಪ್ರೆಸ್ಸಿನ ಟೂಲ್‌ನಲ್ಲಿ ಅರ್ಕಾವೊತ್ತಿನ ಹಳೆಯ ತಪ್ಪು ಇನ್ನೂ ಇದೆ.

ವರ್ಡಾಚಿಯೊ ಹಾಕಬೇಕು ಅಂತ ಮಾಡಿದ್ದೇವೆ. ಒಂದೇ ಅನುಮಾನ. ಪ್ಯಾಕೇಜಿನ ಹೆಸರು ಈಗ ಬರೀ "ಕನ್ನಡ-ಲೆಕ್ಕ" ಅಂತ ಇದೆ, ಇಂಗ್ಲಿಷ್ ಅಕ್ಷರದಲ್ಲಿ. ಹೊರಗಿನ ಎನ್‌ಪಿಎಂನಲ್ಲಿ ಇದೇ ಹೆಸರಿನದು ಯಾರಾದರೂ ಹಾಕಿದರೆ ಏನಾಗುತ್ತದೆ?

ಬೆಟಗೇರಿ_ಬಿಲ್ಡ್

ಸರಿಯಾದ ಕಡೆ ಅನುಮಾನ ಬಂದಿದೆ. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸನ್ ಅನ್ನುವ ಭದ್ರತಾ ಸಂಶೋಧಕರು ಇದನ್ನೇ ತೋರಿಸಿದರು. ದೊಡ್ಡ ದೊಡ್ಡ ಕಂಪನಿಗಳು ಒಳಗೆ ಬಳಸುವ ಪ್ಯಾಕೇಜ್ ಹೆಸರುಗಳನ್ನು ಹುಡುಕಿ, ಅದೇ ಹೆಸರಲ್ಲಿ, ದೊಡ್ಡ ವರ್ಷನ್ ನಂಬರ್ ಕೊಟ್ಟು ಹೊರಗಿನ ರಿಜಿಸ್ಟ್ರಿಗೆ ಹಾಕಿದರು. ಆ್ಯಪಲ್, ಮೈಕ್ರೋಸಾಫ್ಟ್ ಒಳಗೂ ಅವರ ಕೋಡ್ ಓಡಿತು. ಒಳಗೊಂದು ಹೊರಗೊಂದು ಕಂಡರೆ ಕೆಲವು ಟೂಲ್‌ಗಳು ದೊಡ್ಡ ನಂಬರ್ ಇದ್ದದ್ದನ್ನು ತೆಗೆದುಕೊಳ್ಳುತ್ತವೆ. ಪೈಥಾನ್‌ನ ಪಿಪ್‌ಗೆ (ಅಲ್ಲಿ ಪ್ಯಾಕೇಜ್ ತಂದು ಹಾಕುವ ಟೂಲ್) ಎಕ್ಸ್‌ಟ್ರಾ ಇಂಡೆಕ್ಸ್ (ಇನ್ನೊಂದು ರಿಜಿಸ್ಟ್ರಿ) ಕೊಟ್ಟಾಗಲೂ ಹೀಗೇ.

ಎನ್‌ಪಿಎಂನಲ್ಲಿ ಪರಿಹಾರ ಸ್ಕೋಪ್. ಹೆಸರಿನ ಮುಂದೆ @ ಹಾಕಿ ನಿಮ್ಮ ತಂಡದ ಹೆಸರು, ಆಮೇಲೆ ಓರೆಗೆರೆ, ಆಮೇಲೆ ಪ್ಯಾಕೇಜ್. ಆ ಸ್ಕೋಪಿನದು ಏನೇ ಇದ್ದರೂ ನಮ್ಮ ರಿಜಿಸ್ಟ್ರಿಯಿಂದ ಮಾತ್ರ ತಾ ಅಂತ ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬರೆಯಿರಿ. ಹೊರಗಿನ ಎನ್‌ಪಿಎಂನಲ್ಲೂ ಆ ಸ್ಕೋಪ್ ಹೆಸರನ್ನು ನೀವೇ ನೋಂದಾಯಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ.

ಕೇಶ್ವಾಪುರ_ಕ್ಲೌಡ್

ಒಂದು ಸೇರಿಸುತ್ತೇನೆ. ಹೊರಗಿನದು ಹೊಸದು ಬಂದ ದಿನವೇ ಏರಿಸಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡಿಬಗ್ ತರಹದ ತುಂಬಾ ಜನ ಬಳಸುವ ಪ್ಯಾಕೇಜ್‌ಗಳ ನಿರ್ವಾಹಕರಿಗೆ ಸುಳ್ಳು ಇಮೇಲ್ ಕಳಿಸಿ ಖಾತೆ ಕದ್ದು ಕೆಟ್ಟ ವರ್ಷನ್ ಹಾಕಿದ್ದರು. ಕೆಲವೇ ಗಂಟೆಗಳಲ್ಲಿ ತೆಗೆದರು. ಆ ಹೊತ್ತಿನಲ್ಲಿ ಏರಿಸಿದವರಿಗೆ ಮಾತ್ರ ತೊಂದರೆ ಆಯಿತು. ಪಿಎನ್‌ಪಿಎಂನಲ್ಲಿ (ಎನ್‌ಪಿಎಂ ತರಹದ ಇನ್ನೊಂದು ಟೂಲ್) ಇಷ್ಟು ಹೊತ್ತು ದಾಟದ ವರ್ಷನ್ ಬೇಡ ಅಂತ ಹೇಳುವ ಸೆಟ್ಟಿಂಗ್ ಕೂಡ ಇದೆ. ಹಾಗಂತ ವರ್ಷಗಟ್ಟಲೆ ಮುಟ್ಟದೆ ಬಿಡುವುದೂ ತಪ್ಪು. ತಿಂಗಳಿಗೆ ಒಂದು ದಿನ ಇಟ್ಟುಕೊಳ್ಳಿ, ಮಾರ್ಕೆಟ್ ಇಲ್ಲದ ದಿನ.

ಉಣಕಲ್_ಕೋಡ್

ಎರಡು ವಾರ ಆಯಿತು, ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ.

ರೌಂಡ್ ಬದಲಾವಣೆ ವಾಪಸ್ ತೆಗೆದು ಅದಕ್ಕೆ 1.4.4 ಅಂತ ಟ್ಯಾಗ್ ಹಾಕಿದೆವು, ಬ್ಯಾಡಗಿ ಆ್ಯಪ್ ಅದರ ಮೇಲೆ ನಿಂತಿದೆ. ದುಡ್ಡು, ತೂಕ ಬೇರೆ ಮಾಡಿದ್ದು 2.0.0, ಅದು ಸಂಘದ ಆ್ಯಪ್‌ಗೆ ಹೋಗಿದೆ. ಕನ್ನಡ ಅಂಕಿ ಮತ್ತು ದಿನಾಂಕದ ಕೋಡ್ ಪೂರ್ತಿ ತೆಗೆದೆವು, ಸುಮಾರು 300 ಸಾಲು ಹೋಯಿತು. ಅಂದು ಫಂಕ್ಷನ್ ತಿದ್ದಿದ್ದ ಹುಡುಗನೇ ಮುಂದೆ ಬಂದು ಪ್ಯಾಕೇಜ್ ನಾನು ನೋಡಿಕೊಳ್ಳುತ್ತೇನೆ ಎಂದ. ಶನಿವಾರ ಬೆಳಿಗ್ಗೆ ಅವನಿಗೆ ಬೇರೆ ಕೆಲಸ ಕೊಡುವುದಿಲ್ಲ ಅಂತ ಮಾತಾಗಿದೆ. ಅವನು ಬರೆದ ಮೊದಲ ಟೆಸ್ಟ್‌ನಲ್ಲಿ ಇರುವ ತೂಕ 418.4.

ಬೆಂಗಳೂರಿನ ಗೆಳತಿಗೂ ಫೋನ್ ಮಾಡಿದ್ದೆವು. ನುಡಿ ಪರಿವರ್ತನೆಯಲ್ಲಿ ಒತ್ತಕ್ಷರದ ಮೇಲೆ ಅರ್ಕಾವೊತ್ತು ಬಂದಾಗ ಏನು ಮಾಡಬೇಕು ಅಂತ ಅವಳ ತಲೆಯಲ್ಲಿ ಇದ್ದದ್ದನ್ನೆಲ್ಲ ಒಂದು ಗಂಟೆ ಕೂತು ಹೇಳಿದಳು, ಅದನ್ನು ರೆಪೊದಲ್ಲಿ ಬರೆದಿಟ್ಟಿದ್ದೇವೆ.

ಪ್ರೆಸ್ಸಿನ ಟೂಲ್ ಇನ್ನೂ ಕಾಪಿ ಫೋಲ್ಡರ್ ಮೇಲೇ ಇದೆ. ಅವರ ಒಂದು ಪುಸ್ತಕ ಅಚ್ಚಿಗೆ ಹೋಗುವುದರೊಳಗೆ ಬದಲಾಯಿಸಬೇಕು. ಸೋಮವಾರ ಗದಗಕ್ಕೆ ಹೋಗುತ್ತಿದ್ದೇನೆ.